ಬಿಸಿ ಓಣಿಯ ಬಾಗಿಲು

ಆ ಕಟ್ಟಡದಲ್ಲಿ ತಂಪು ಗಾಳಿ ಮಿಷನ್ನಿಗೆ, ಬಿಸಿ ಗಾಳಿ ನಮಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನಡುವೆ ಬಾಯಿ ಹಾಕಿ, "ಅದು ಏಸಿ ಕಟ್ಟಡ ಅಲ್ವಾ, ನಿಮಗೇನಮ್ಮ ಕಷ್ಟ?" ಎಂದು ಕೇಳಬಾರದು. ಹಾಗೆ ಕೇಳಿದವರು ಬೇಕಾದಷ್ಟು ಜನ. ನನ್ನ ಒಡಹುಟ್ಟಿದ ತಮ್ಮನೇ ಕೇಳಿದ್ದ. "ಪುಣ್ಯ ಮಾಡಿದ್ದೀಯ ಕಣಕ್ಕಾ, ತಂಪಲ್ಲಿ ಕೆಲಸ" ಎಂದಿದ್ದ. ಬೆವರಲ್ಲಿ ತೊಯ್ದ ನನ್ನ ಕೋಟನ್ನು ಅವನ ಬಾಯಿಗೆ ತುರುಕಬೇಕಿತ್ತು. ತಮ್ಮ ಅಂತ ಬಿಟ್ಟೆ.

ಕಿಟಕಿಯೇ ಇಲ್ಲದ ಕಟ್ಟಡ. ಹೊರಗಿನಿಂದ ನೋಡಿದರೆ ಗೋದಾಮು ಅನ್ನಬೇಕು. ಒಳಗೆ ಆಳೆತ್ತರದ ಕಪ್ಪು ಬೀರುಗಳು, ಬೀರುವಿನ ತುಂಬ ತಟ್ಟೆ ಜೋಡಿಸಿಟ್ಟ ಹಾಗೆ ಚಪ್ಪಟೆ ಕಂಪ್ಯೂಟರುಗಳು. ಪರದೆ ಇಲ್ಲ, ಒತ್ತುವ ಗುಂಡಿ ಇಲ್ಲ. ಹಸಿರು ದೀಪ ಮಿಣಮಿಣ ಅನ್ನುತ್ತದೆ, ಫ್ಯಾನುಗಳು ಹಗಲೂ ರಾತ್ರಿ ಊಳಿಡುತ್ತವೆ. ಜನ ಫೋನಿನಲ್ಲಿ ನೋಡುವ ಚಿತ್ರ, ಕಳಿಸುವ ದುಡ್ಡು, ಆಡುವ ಜಗಳ ಎಲ್ಲ ಇಲ್ಲಿಗೇ ಬಂದು ಇಲ್ಲಿಂದಲೇ ಹೋಗುತ್ತದಂತೆ. ಇರಬಹುದು. ನಮಗೆ ಅದು ಧೂಳು ಕೂರುವ ಜಾಗ, ಅಷ್ಟೆ.

ಬೀರುಗಳು ನಿಂತಿರುವ ರೀತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಎರಡು ಸಾಲು ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತವೆ. ನಡುವಿನ ಓಣಿಯಲ್ಲಿ ನೆಲದ ತೂತುಗಳಿಂದ ತಂಪು ಗಾಳಿ ಉಕ್ಕುತ್ತದೆ. ಕಂಪ್ಯೂಟರು ಮುಂದಿನಿಂದ ತಂಪು ಎಳೆದುಕೊಂಡು ಹಿಂದಿನಿಂದ ಬಿಸಿ ಉಗುಳುತ್ತದೆ. ಹಿಂದೆ, ಬೆನ್ನಿಗೆ ಬೆನ್ನು ಕೊಟ್ಟ ಕಡೆ, ಇನ್ನೊಂದು ಓಣಿ. ಅದು ಬಿಸಿ ಓಣಿ. ಆ ಬಿಸಿ ತಪ್ಪಿಸಿಕೊಂಡು ಬಂದು ತಂಪಿನ ಜೊತೆ ಬೆರೆಯಬಾರದು. ಅದಕ್ಕೆ ಮೇಲೆ ಮುಚ್ಚಳ, ಆ ಕೊನೆಗೆ ಗೋಡೆ, ಈ ಕೊನೆಗೆ ಸರಿಸುವ ಗಾಜಿನ ಬಾಗಿಲು. ನನ್ನ ಮಾತೆಲ್ಲ ಆ ಬಾಗಿಲಿನದು.

ನಾವು ಒಂದು ಗುಂಪು ಹೆಂಗಸರು. ಒರೆಸುವುದು, ಧೂಳು ಹೀರುವುದು, ಹೊಸ ಮಿಷನ್ನು ಕೂರಿಸಿದ ಮೇಲೆ ಬಿದ್ದ ವೈರಿನ ತುಂಡು, ಪ್ಲಾಸ್ಟಿಕ್ ಪಟ್ಟಿ ಹೆಕ್ಕುವುದು ನಮ್ಮ ಕೆಲಸ. ನೂಲಿನ ಎಳೆ ಉದುರಬಾರದು ಅಂತ ಮೈಗೆ ದಪ್ಪ ನೈಲಾನ್ ಕೋಟು, ತಲೆಗೆ ಟೋಪಿ. ಅದರೊಳಗೆ ಬೆವರು ಹರಿದು ಶೂಸಿಗೆ ಇಳಿಯುತ್ತದೆ. ನನ್ನ ಜೊತೆ ನನ್ನ ಓರಗಿತ್ತಿಯೂ ಇದ್ದಳು, ಮೈದುನನ ಹೆಂಡತಿ. ಅವಳನ್ನು ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಆರಿಸುವ ಗುಂಡಿ ಇರಲಿಲ್ಲ ಅವಳಿಗೆ. ಒಂದೇ ಮನೆಯಲ್ಲಿ ಅವಳ ಜೊತೆ ಒಲೆ ಹಂಚಿಕೊಂಡವಳು ನಾನು, ನನ್ನ ಕಿವಿಗೆ ಪದಕ ಕೊಡಬೇಕು. ಚುಚ್ಚುಮಾತು, ಕೊಂಕು, ಪಾತ್ರೆ ಬಡಿಯುವುದು ಎಲ್ಲ ಆಗಿದೆ ನಮ್ಮಿಬ್ಬರ ನಡುವೆ. ಆದರೂ ಮೈದುನ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದಾಗ ನಾನೇ ಕೈ ಹಿಡಿದು ಈ ಕೆಲಸಕ್ಕೆ ಕರೆದುಕೊಂಡು ಬಂದೆ.

ಮೊದಲು ಇಷ್ಟು ಕೆಟ್ಟದಿರಲಿಲ್ಲ. ಬಿಸಿ ಓಣಿ ಒರೆಸುವಾಗ ಬಾಗಿಲು ತೆರೆದಿಟ್ಟುಕೊಳ್ಳುತ್ತಿದ್ದೆವು. ನಮ್ಮ ಊಟದ ಕೋಣೆಯಲ್ಲಿ ಒಂದು ಫ್ಯಾನಿತ್ತು. ಕೀರಲು ಫ್ಯಾನು, ಆದರೂ ಫ್ಯಾನು. ಆಮೇಲೆ ಹೊಸ ಸಾಹೇಬ ಬಂದ. ಅವನ ಹಿಂದೆ ಒಂದು ಅಂಕಿ ಬಂತು.

ಆ ಅಂಕಿ ಏನೆಂದರೆ, ಕಟ್ಟಡಕ್ಕೆ ಬರುವ ಒಟ್ಟು ಕರೆಂಟನ್ನು ಕಂಪ್ಯೂಟರು ತಿನ್ನುವ ಕರೆಂಟಿನಿಂದ ಭಾಗಿಸಿದರೆ ಬರುವುದು. ಅದು ಒಂದರ ಹತ್ತಿರ ಇಳಿದಷ್ಟೂ ಸಾಹೇಬನ ಎದೆ ಉಬ್ಬುತ್ತದೆ. ಅಂದರೆ ಕಂಪ್ಯೂಟರು ತಿಂದದ್ದು ಊಟ, ಮಿಕ್ಕವರು ತಿಂದದ್ದೆಲ್ಲ ದಂಡ. ತಂಪು ಮಾಡುವ ಕರೆಂಟು ದಂಡ. ದೀಪ ದಂಡ. ನಮ್ಮ ಫ್ಯಾನು ದಂಡ. ಮುಂದಿನ ಹಜಾರದಲ್ಲಿ ಗೋಡೆಯಷ್ಟಗಲ ಬೋರ್ಡು ಹಾಕಿ ಆ ಅಂಕಿಯನ್ನು ಬೆಳಗಿಸಿದರು. ಅದಕ್ಕೆ ಸುಡುವ ಕರೆಂಟು ಯಾರ ತಲೆಯ ಮೇಲೆ ಅಂತ ನಾನು ಕೇಳಲಿಲ್ಲ.

ಅಂಕಿ ಇಳಿಸಲು ತಂಪನ್ನು ಕಡಿಮೆ ಮಾಡಿದರು. ಕಂಪ್ಯೂಟರು ತಡೆಯುತ್ತದಂತೆ. ಅದು ತಡೆಯಿತು. ಆದರೆ ಅದು ಹಿಂದೆ ಉಗುಳುವ ಗಾಳಿ ಬಾಣಲೆಯ ಉರಿಯಾಯಿತು. ಬಾಗಿಲು ತೆರೆದಿಡಬಾರದು ಅಂತ ಅಪ್ಪಣೆ ಬಂತು. ಒಳಗೆ ಹೋದವಳು ಮುಚ್ಚಿಕೊಂಡೇ ಕೆಲಸ ಮಾಡಬೇಕು. ನಮ್ಮ ಫ್ಯಾನು ಬಿಚ್ಚಿಕೊಂಡು ಹೋದರು. ದೀಪಗಳಿಗೆಲ್ಲ ಕಣ್ಣು ಹಚ್ಚಿದರು. ಮನುಷ್ಯ ಕದಲಿದರೆ ದೀಪ ಹತ್ತುತ್ತದೆ, ಕದಲದಿದ್ದರೆ ಆರುತ್ತದೆ.

ಊಟದ ಕೋಣೆಯಲ್ಲಿ ಕೂತು ಡಬ್ಬಿ ಬಿಚ್ಚಿದರೆ ಕತ್ತಲೆ. ಉಣ್ಣುವ ಕೈ ಆ ಕಣ್ಣಿಗೆ ಕಾಣುವುದಿಲ್ಲ, ಮೇಜಿನಿಂದ ಮೇಲಕ್ಕೆ ಕೈ ಎತ್ತಿ ಬೀಸಬೇಕು. ಅದಕ್ಕೆ ನಾವು ಪಾಳಿ ಮಾಡಿಕೊಂಡೆವು. ಉಳಿದವರು ಉಣ್ಣುವಾಗ ಒಬ್ಬಳು ಕೈ ಬೀಸುತ್ತಾ ಕೂರುವುದು. ಅದಕ್ಕೆ ಕೈ ಪಾಳಿ ಅಂತ ಹೆಸರು.

"ಇವತ್ತು ಯಾರೇ ಪಾಳಿ?" ಎಂದು ಕತ್ತಲಲ್ಲಿ ಯಾರಾದರೂ ಕೂಗುವುದು.

"ರೇಡಿಯೋದು."

"ಎಲ್ಲಿ ಬೀಸ್ತಾಳೆ! ಮಾತಲ್ಲೇ ದೀಪ ಹತ್ಸೋಕೆ ನೋಡ್ತಿದ್ದಾಳೆ."

"ಬೀಸ್ತೀನಿ ಇರ್ರೇ, ನನ್ನ ಮದುವೇಲಿ ನನ್ನ ಗಂಡಂಗೂ ಇಷ್ಟು ಕೈ ಬೀಸಿರ್ಲಿಲ್ಲ ನಾನು."

ನಗುತ್ತಿದ್ದೆವು. ಕಕ್ಕಸಿನಲ್ಲೂ ಅದೇ ಗತಿ. ಅಲ್ಲಿ ಏನು ಬೀಸುತ್ತಿದ್ದೆವು ಅಂತ ಹೇಳುವುದು ಬೇಡ.

ಒಮ್ಮೆ ನಾನು ಸಾಹೇಬನನ್ನು ಅಡ್ಡಗಟ್ಟಿ ಫ್ಯಾನು ಕೇಳಿದೆ. ಅವನು ಒಳ್ಳೆಯ ಮಾತಿನವನು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

"ಅಮ್ಮಾ, ಭೂಮಿ ಬಿಸಿ ಆಗ್ತಿದೆ. ನಾವೆಲ್ಲ ಸ್ವಲ್ಪ ಸ್ವಲ್ಪ ಕರೆಂಟು ಉಳಿಸ್ಬೇಕು" ಎಂದ.

"ಭೂಮಿ ಎಲ್ಲಿ ಬಿಸಿ ಆಗ್ತಿದೆ ಅಂತ ಹುಡುಕ್ತಿದ್ರೆ ಸಾರ್, ನಮ್ಮ ಕೋಣೆಗೆ ಬನ್ನಿ. ಅಲ್ಲೇ ಆಗ್ತಿದೆ" ಎಂದೆ.

ಅವನು ನಕ್ಕು ನನ್ನ ಭುಜ ತಟ್ಟಿ ಹೋದ. ಅವನ ಹಿಂದಿದ್ದ ಸೂಪರ್‌ವೈಸರ್ ನನ್ನ ಕಡೆ ಕಣ್ಣು ಬಿಟ್ಟ. ಅವನನ್ನು ನಾವು ಬೀಗ ಅನ್ನುತ್ತಿದ್ದೆವು, ಬಾಗಿಲಿಗೆ ಹಾಕುವ ಬೀಗ. ಯಾರು ಎಲ್ಲಿ ಹೋಗಬೇಕು, ಯಾವಾಗ ಹೊರಗೆ ಬರಬೇಕು ಎಲ್ಲ ಅವನ ಕೈಯಲ್ಲಿ. "ಮುದುಕಿ, ನಾಲಿಗೆ ಉದ್ದ ಆಯ್ತು ನಿಂದು" ಎಂದ. ಆಗಲಿ, ಕೈಕಾಲು ಸೋತ ಮೇಲೆ ಉದ್ದವಾಗಲು ಇನ್ನೇನಿದೆ?

ಬಿಸಿ ಓಣಿಗೆ ಒಬ್ಬಳು ಹೋದರೆ ಇನ್ನೊಬ್ಬಳು ಹೊರಗೆ ಗಾಜಿನ ಹತ್ತಿರ ನಿಲ್ಲಬೇಕು. ಇದು ಕಂಪನಿಯ ನಿಯಮವಲ್ಲ. ನಾವು ಮಾಡಿಕೊಂಡದ್ದು. ಒಳಗಿನ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲ. ಓಣಿ ಉದ್ದ, ವೈರುಗಳ ಹಿಂದೆ ಬಗ್ಗಿದರೆ ಆಳು ಕಾಣುವುದಿಲ್ಲ. ಆದರೆ ಓಣಿಯ ದೀಪಗಳು ತುಂಡು ತುಂಡು. ಅವಳು ಎಲ್ಲಿದ್ದಾಳೋ ಅಲ್ಲಿನ ದೀಪ ಹತ್ತುತ್ತದೆ, ದಾಟಿದರೆ ಹಿಂದಿನದು ಆರಿ ಮುಂದಿನದು ಹತ್ತುತ್ತದೆ. ದೀಪ ಅವಳ ಜೊತೆ ನಡೆಯುತ್ತದೆ. ಹೊರಗಿನವಳು ಆ ದೀಪವನ್ನು ನೋಡುತ್ತಾ ನಿಲ್ಲಬೇಕು. ದೀಪ ನಡೆಯುತ್ತಿದ್ದರೆ ಒಳಗಿರುವವಳು ಬದುಕಿದ್ದಾಳೆ ಅಂತ ಲೆಕ್ಕ. ನಮ್ಮನ್ನು ಕತ್ತಲಲ್ಲಿ ಕೂರಿಸಿದ ಆ ಕಣ್ಣಿಗೆ ನಾವು ಕಂಡುಹಿಡಿದ ಒಂದೇ ಉಪಯೋಗ ಅದು.

ರೇಡಿಯೋ ಒಮ್ಮೆ ಆ ಓಣಿಯಿಂದ ಹೊರಗೆ ಬಂದವಳೇ ಗೋಡೆಗೆ ಒರಗಿ ವಾಂತಿ ಮಾಡಿಕೊಂಡಳು. ಕೈಬೆರಳು ಸೆಟೆದುಕೊಂಡವು. ಬೀಗ ಬಂದು ನೋಡಿ, "ಬೆಳಗ್ಗೆ ತಿಂದು ಬರೋಕೆ ಏನು ರೋಗ ನಿಮಗೆ? ಅದನ್ನ ಮೊದ್ಲು ಒರ್ಸು" ಎಂದ. ಅವಳು ತನ್ನ ವಾಂತಿ ತಾನೇ ಒರೆಸಿದಳು. ಸಂಜೆ ತೋರಿಸಿದ ಡಾಕ್ಟರು ಹೇಳಿದರು, "ಇನ್ನೊಂದು ಸಲ ಇಂಥ ಬಿಸೀಲಿ ನಿಂತ್ರೆ ಜೀವಕ್ಕೇ ಅಪಾಯ." ಅದನ್ನು ಬೀಗನಿಗೆ ಹೇಳಿದೆವು. "ಹಾಗಾದ್ರೆ ಮನೇಲಿರ್ಲಿ" ಎಂದ. ಮನೆಯಲ್ಲಿ ಮಲಗಿದ ಗಂಡನಿದ್ದ. ಅವಳು ಬರುತ್ತಲೇ ಇದ್ದಳು. ಅವಳ ಪಾಲಿನ ಬಿಸಿ ಓಣಿಯನ್ನು ನಾವು ಉಳಿದವರು ಹಂಚಿಕೊಂಡು ಒರೆಸುತ್ತಿದ್ದೆವು, ಬೀಗನ ಕಣ್ಣು ತಪ್ಪಿಸಿ.

ಹೀಗಿರುವಾಗ ಪರಿಶೀಲನೆಯವರು ಬರುವ ದಿನ ಬಂತು. ಅಂಕಿ ಚೆನ್ನಾಗಿದ್ದರೆ ಕಟ್ಟಡಕ್ಕೆ ಒಂದು ಪ್ರಶಸ್ತಿ. ಹಿಂದಿನ ದಿನ ಹೊಸ ಮಿಷನ್ನು ಕೂರಿಸಿದ್ದರು. ನಡುವಿನ ಬಿಸಿ ಓಣಿಯ ತುಂಬ ಕಸ. ಬೆಳಗ್ಗೆ ಅದನ್ನು ನೋಡಿದ ಬೀಗ ಆಳು ಹುಡುಕುತ್ತಾ ಓಡಿದ. ಎದುರಿಗೆ ಸಿಕ್ಕವಳು ರೇಡಿಯೋ.

"ಏಯ್, ನೀನು ಹೋಗು ಒಳಗೆ. ಸಣ್ಣಗಿದ್ದೀಯ, ವೈರ್ ಹಿಂದೆಲ್ಲ ಕೈ ಹೋಗುತ್ತೆ."

"ನಾನು ಹೋಗ್ತೀನಿ" ಎಂದೆ.

"ನಿನ್ನ ಮಂಡಿ ಬಗ್ಗೋಷ್ಟರಲ್ಲಿ ಅವರು ಬಂದು ಹೋಗಿರ್ತಾರೆ. ಬಾಗಿಲಲ್ಲಿ ನಿಲ್ಲು ನೀನು. ಅವರು ಬಂದು ಹೋಗೋ ತನಕ ಇದು ತೆಗೀಬಾರ್ದು. ತೆಗೆದ್ರೆ ಬೋರ್ಡಲ್ಲಿ ಅಂಕಿ ಏರುತ್ತೆ. ಏರಿದ್ರೆ ನಿಮ್ಮನ್ನೆಲ್ಲ ಒಟ್ಟಿಗೆ ಹೊರಗೆ ಹಾಕ್ತೀನಿ."

"ಅವಳಿಗೆ ಡಾಕ್ಟ್ರು ಹೇಳಿದ್ದಾರಪ್ಪ..."

"ಅಕ್ಕಾ, ಬಿಡು" ಎಂದಳು ರೇಡಿಯೋ. ಟೋಪಿ ಎಳೆದುಕೊಂಡಳು. "ಬೇಗ ಮುಗಿಸಿ ಬರ್ತೀನಿ. ನೀನು ದೀಪ ನೋಡ್ತಿರು. ಮಗ್ಗುಲಲ್ಲಿ ನಿಂತಿರೋರ ಜೊತೆ ಹರಟೆಗೆ ಕೂತ್ಕೋಬೇಡ ಮತ್ತೆ."

ಹರಟೆಯ ಮಾತು ನನಗೆ ಹೇಳಿದ್ದು ಅವಳು! ಬಾಗಿಲು ಸರಿಸಿದಾಗ ಒಲೆಯ ಬಾಯಿ ತೆರೆದಂತೆ ಮುಖಕ್ಕೆ ಹೊಡೆಯಿತು. ಅವಳು ಬಕೆಟ್ಟು, ಬಟ್ಟೆ ಹಿಡಿದು ಒಳಗೆ ಹೋದಳು. ಬಾಗಿಲು ಮುಚ್ಚಿತು. ಮೊದಲ ದೀಪ ಹತ್ತಿತು.

ನಾನು ನಿಂತೆ. ದೀಪ ನಡೆಯಿತು. ಎರಡನೆಯದು, ಮೂರನೆಯದು. ಸದ್ಯ, ಚುರುಕಾಗಿಯೇ ಹೋಗುತ್ತಿದ್ದಾಳೆ ಅಂದುಕೊಂಡೆ. ಅಷ್ಟರಲ್ಲಿ ಪಕ್ಕದ ತಂಪು ಓಣಿಗೆ ಅವರು ಬಂದರು. ಸಾಹೇಬ, ಅವನ ಹಿಂದೆ ಬೀಗ, ಜೊತೆಗೆ ಪರಿಶೀಲನೆಯ ಒಬ್ಬ ಗಂಡಸು, ಒಬ್ಬ ಹೆಂಗಸು. ಅವರಿಗೆ ಚಳಿಯಾಗುತ್ತದೆಂದು ಮೇಲಂಗಿ ಕೊಟ್ಟಿದ್ದರು. ನಾನು ಬಾಗಿಲ ಪಕ್ಕ ಕಂಬದ ಹಾಗೆ ನಿಂತಿದ್ದೆ. ಕಂಬವನ್ನು ನೋಡಿದಷ್ಟೇ ನೋಡಿದರು.

ದೀಪ ನಿಧಾನವಾಯಿತು. ಒಂದು ಕಡೆಯೇ ನಿಂತಿತು. ಬಗ್ಗಿರಬೇಕು, ಕಸ ಹೆಕ್ಕುತ್ತಿರಬೇಕು. ಮತ್ತೆ ಒಂದು ಹೆಜ್ಜೆ ಹೋಯಿತು. ಹಿಂದಕ್ಕೆ ಬಂತು. ಯಾಕೆ ಹಿಂದಕ್ಕೆ? ಬೀಗನಿಗೆ ಕೈಸನ್ನೆ ಮಾಡಿದೆ. ಅವನು ನೋಡದವನಂತೆ ನಿಂತ. ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ.

"ಅವಳನ್ನ ಹೊರಗೆ ಕರೀಬೇಕು."

"ಅವರು ಹೋಗ್ಲಿ."

"ಅವಳು ಸರಿ ಇಲ್ಲ."

"ಹೋಗ್ಲಿ ಅಂದೆ ಅಲ್ವಾ? ನಿಂತ್ಕೋ ಹೋಗಿ ನಿನ್ನ ಜಾಗದಲ್ಲಿ."

ಅದೇ ಹೊತ್ತಿಗೆ ಸಾಹೇಬ ಒಂದು ಬೀರು ತೋರಿಸಿ ಅವರಿಗೆ ವಿವರಿಸುತ್ತಿದ್ದ. ಸದ್ದಿಗೆ ಗಂಟಲೇರಿಸಿ ಹೇಳುತ್ತಿದ್ದ, ಒಂದೊಂದು ಮಾತೂ ನನಗೆ ಕೇಳಿಸಿತು. "ಇವು ತಮ್ಮನ್ನ ತಾವೇ ನೋಡ್ಕೊಳ್ತವೆ. ಕೆಲಸ ಇಲ್ದಿದ್ರೆ ನಿದ್ದೆಗೆ ಹೋಗ್ತವೆ. ಮೈ ಬಿಸಿ ಹೆಚ್ಚಾದ್ರೆ ತಾವೇ ವೇಗ ಇಳಿಸ್ಕೊಳ್ತವೆ. ಯಾರೂ ಹೇಳಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ."

ಯಾರನ್ನೂ ಕೇಳಬೇಕಾಗಿಲ್ಲ.

ನಾನು ಗಾಜಿನ ಕಡೆ ತಿರುಗಿದೆ. ನೋಡುತ್ತಿದ್ದ ಹಾಗೆಯೇ ದೀಪ ಆರಿತು.

ಮುಂದಿನದು ಹತ್ತುತ್ತದೆ ಎಂದು ಕಾದೆ. ಹತ್ತಲಿಲ್ಲ. ಹಿಂದಿನದೂ ಹತ್ತಲಿಲ್ಲ. ಓಣಿ ಪೂರ್ತಿ ಕತ್ತಲೆ. ಹಸಿರು ಚುಕ್ಕಿಗಳು ಮಾತ್ರ ಮಿಣಮಿಣ.

ಬಾಗಿಲು ತೆಗೆದೆ.

"ಏಯ್!" ಎಂದು ಬೀಗ ಕೂಗಿದ. ನಾನು ಒಳಗೆ ಹೋಗಿಯಾಗಿತ್ತು. ನನ್ನ ತಲೆಯ ಮೇಲೆ ದೀಪ ಒಂದೊಂದಾಗಿ ಹತ್ತುತ್ತಾ ಬಂತು. ಉಸಿರು ಎಳೆದರೆ ಮೂಗಿನ ಒಳಗೆಲ್ಲ ಸುಟ್ಟಿತು. ಅವಳು ಬೀರುವಿನ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಮುಷ್ಟಿಯಲ್ಲಿ ಪ್ಲಾಸ್ಟಿಕ್ ಪಟ್ಟಿಯ ತುಂಡುಗಳು. ಮೈ ಮುಟ್ಟಿದರೆ ಕಾದ ಹೆಂಚು, ಬೆವರೇ ಇಲ್ಲ. ಬೆವರು ನಿಂತಿದೆ ಅಂದರೆ ಕೆಟ್ಟದ್ದು ಅಂತ ಡಾಕ್ಟರು ಹೇಳಿದ್ದು ನೆನಪಾಯಿತು.

ಕಂಕುಳಿಗೆ ಕೈ ಹಾಕಿ ಎಳೆದೆ. ನನ್ನ ಮಂಡಿ ಬಗ್ಗುವುದಿಲ್ಲ ಅಂದಿದ್ದನಲ್ಲ ಬೀಗ, ನೋಡಲಿ ಎಂದು ಹಲ್ಲು ಕಚ್ಚಿ ಎಳೆದೆ. ಬಾಗಿಲ ಹತ್ತಿರ ಬರುವಷ್ಟರಲ್ಲಿ ಅವನು ಅದನ್ನು ಮುಚ್ಚಲು ಹಿಡಿದಿದ್ದ. ಅವಳು ಬಾಗಿಲ ಒಳಗೇ ಬಿಟ್ಟಿದ್ದ ಬಕೆಟ್ಟನ್ನು ಕಾಲಿನಿಂದ ಒದ್ದು ಅಡ್ಡ ಹಾಕಿದೆ. ಬಾಗಿಲು ಬಕೆಟ್ಟಿಗೆ ಬಡಿದು ನಿಂತಿತು.

ಅವಳನ್ನು ತಂಪು ಓಣಿಗೆ ಎಳೆದುಕೊಂಡು ಹೋದೆ. ಅಲ್ಲಿ ನೆಲಕ್ಕೆ ತೂತಿರುವ ಹಲಗೆಗಳಿವೆ, ಗಾಳಿ ಉಕ್ಕುವುದು ಅಲ್ಲಿ. ಆ ಹಲಗೆಯ ಮೇಲೆ, ಪರಿಶೀಲನೆಯವರ ಕಾಲ ಬುಡದಲ್ಲಿ, ಮಲಗಿಸಿ ಕೋಟಿನ ಜಿಪ್ಪು ಎಳೆದು ತೆಗೆದೆ. ಕಂಪ್ಯೂಟರಿಗೆ ಹೋಗಬೇಕಾಗಿದ್ದ ಗಾಳಿ ಅವಳ ಬೆನ್ನಿನ ಕೆಳಗಿನಿಂದ ಬಂದು ಕೋಟನ್ನು ಪಟಪಟ ಬಡಿಯಿತು. ಸದ್ದು ಕೇಳಿ ನಮ್ಮ ಹೆಂಗಸರು ಓಡಿಬಂದರು. ಎಲ್ಲರಿಗಿಂತ ಮುಂದೆ ಉದ್ದಕ್ಕ, ನಮ್ಮಲ್ಲಿ ಎತ್ತರದವಳು. ಬಟ್ಟೆ ಒದ್ದೆ ಮಾಡಿ ಕುತ್ತಿಗೆ, ಕಂಕುಳು ಒರೆಸತೊಡಗಿದಳು. ಪರಿಶೀಲನೆಯ ಹೆಂಗಸು ತನ್ನ ನೀರಿನ ಬಾಟಲಿ ಕೊಟ್ಟಳು. ಗಂಡಸು ಶೂಸು ನೆನೆಯದ ಹಾಗೆ ಹಿಂದೆ ಸರಿದ.

ಅತ್ತ ಬಿಸಿ ಗಾಳಿ ಹೊರಗೆ ನುಗ್ಗಿ ತಂಪಿಗೆ ಬೆರೆಯಿತು. ಕಂಪ್ಯೂಟರುಗಳಿಗೆ ಗೊತ್ತಾಯಿತು. ಎಲ್ಲ ಫ್ಯಾನುಗಳೂ ಒಮ್ಮೆಗೇ ಗಂಟಲೇರಿಸಿದವು. ಎಚ್ಚರಿಕೆಯ ಗಂಟೆ ಬಡಿಯಿತು. ಮೇಲಿನ ಮಹಡಿಯಿಂದ ಜನ ಇಳಿದು ಬಂದರು, ಲ್ಯಾಪ್‌ಟಾಪು ಹಿಡಿದವರು, ಫೋನು ಹಿಡಿದವರು. ಅಷ್ಟು ಜನ ಆ ಕಟ್ಟಡದಲ್ಲಿ ಇದ್ದಾರೆಂದೇ ನನಗೆ ಗೊತ್ತಿರಲಿಲ್ಲ. ನಮ್ಮಲ್ಲೊಬ್ಬಳಿಗೆ ಬಿಸಿ ತಗುಲಿದಾಗ ಒಬ್ಬನೂ ಬಂದಿರಲಿಲ್ಲ. ಮಿಷನ್ನಿಗೆ ತಗುಲಿತು ನೋಡಿ, ಓಡೋಡಿ ಬಂದರು.

"ಬಾಗಿಲು ಮುಚ್ಚಿ ಮೊದ್ಲು!" ಎಂದ ಸಾಹೇಬ. ಒಳ್ಳೆಯ ಮಾತೆಲ್ಲ ಎಲ್ಲಿ ಹೋಯಿತೋ. "ಅಂಕಿ ಏರ್ತಿದೆ, ಮುಚ್ಚಿ!"

ಬೀಗ ಉದ್ದಕ್ಕನ ಕಡೆ ತಿರುಗಿದ. "ಹೋಗಿ ಮುಚ್ಚೇ."

ಉದ್ದಕ್ಕ ತಲೆ ಎತ್ತಲಿಲ್ಲ. "ಮುಚ್ಚಲ್ಲ."

"ಏನಂದೆ?"

"ಕಿವಿ ಇಲ್ವಾ? ಮುಚ್ಚಲ್ಲ ಅಂದೆ."

ಇನ್ನೊಬ್ಬಳಿಗೆ ಹೇಳಿದ. ಅವಳೂ ಅಷ್ಟೇ ಹೇಳಿದಳು. ಮೂರನೆಯವಳಿಗೆ ಹೇಳುವ ಮೊದಲೇ ಅವಳು ತಲೆಯಾಡಿಸಿದಳು. ಕೊನೆಗೆ ಬೀಗ ತಾನೇ ಬಕೆಟ್ಟು ಸರಿಸಲು ಹೋದ. ನಾನು ಎದ್ದು ಹೋಗಿ ಬಾಗಿಲ ನಡುವೆ ಕೂತೆ. ಬೆನ್ನಿಗೆ ಉರಿ, ಎದೆಗೆ ತಂಪು.

"ನನ್ನ ತುಳ್ಕೊಂಡು ಮುಚ್ಚು" ಎಂದೆ. "ಇಲ್ಲ ಅಂದ್ರೆ ನೀನೇ ಒಳಗೆ ಹೋಗು. ಕಸ ಇನ್ನೂ ಅರ್ಧ ಉಳಿದಿದೆ."

ಅವನು ಸಾಹೇಬನ ಮುಖ ನೋಡಿದ. ಸಾಹೇಬ ಪರಿಶೀಲನೆಯವರ ಮುಖ ನೋಡಿದ. ಅವರು ನೆಲದ ಮೇಲಿದ್ದವಳ ಮುಖ ನೋಡುತ್ತಿದ್ದರು.

ಆಗ ರೇಡಿಯೋ ಕಣ್ಣು ಬಿಟ್ಟಳು. ತುಟಿ ಅಲ್ಲಾಡಿತು. ಉದ್ದಕ್ಕ ಕಿವಿ ಕೊಟ್ಟು ಕೇಳಿದಳು. ಕೇಳಿ ಅಳುತ್ತಾ ನಕ್ಕಳು.

"ಏನಂತಾಳೆ?" ಎಂದೆ.

"'ಇಲ್ಲಿ ಎಷ್ಟು ತಂಪಾಗಿದೆ, ಎಬ್ಬಿಸ್ಬೇಡ್ರೇ' ಅಂತಿದ್ದಾಳೆ."

ಆಸ್ಪತ್ರೆಗೆ ಸಾಗಿಸಿದೆವು. ಬದುಕಿದಳು. ಇವತ್ತಿಗೂ ನನ್ನ ಕಿವಿ ತಿನ್ನುತ್ತಾಳೆ. ಪ್ರಶಸ್ತಿಯ ಮಾತೇನಾಯಿತು ಎಂದು ಕೇಳಬೇಡಿ, ಬೇರೆ ಯಾವುದೋ ದಿನದ ಅಂಕಿ ತೋರಿಸಿ ತೆಗೆದುಕೊಂಡಿರಬೇಕು. ನನ್ನನ್ನು ಆಮೇಲೆ ವಯಸ್ಸಾಯಿತೆಂದು ಮನೆಗೆ ಕಳಿಸಿದರು. ಆದರೆ ಬಿಸಿ ಓಣಿಯೊಳಗೆ ಮನುಷ್ಯರಿದ್ದರೆ ಬಾಗಿಲು ಈಗ ತೆರೆದೇ ಇರುತ್ತದೆ. ಅದು ಹೇಗಾಯಿತು ಎಂದು ಹೇಳಿ ಮುಗಿಸುತ್ತೇನೆ.

ರೇಡಿಯೋ ಆಸ್ಪತ್ರೆಯಿಂದ ಬಂದ ಮೇಲೆ ನಾವು ಯಾರೂ ಬಿಸಿ ಓಣಿಗೆ ಕಾಲಿಡಲಿಲ್ಲ. ಬೀಗ ಕೂಗಾಡಿದ. ಬೇರೆ ಹೆಂಗಸರನ್ನು ಕರೆತಂದ. ಅವರು ಒಮ್ಮೆ ಒಳಗೆ ಹೋಗಿ ಹೊರಗೆ ಬಂದು ಕೋಟು ಬಿಚ್ಚಿಟ್ಟು ಹೋದರು. ಓಣಿಯಲ್ಲಿ ಧೂಳು ಕೂತಿತು. ಕೊನೆಗೆ ಸಾಹೇಬನೇ ನಮ್ಮ ಊಟದ ಕೋಣೆಗೆ ಇಳಿದು ಬಂದ. ಮೊದಲ ಸಲ. ನಾವು ಡಬ್ಬಿ ಮುಚ್ಚಿ ಗೋಡೆಗೆ ಒರಗಿ ಕೂತೆವು. ರೇಡಿಯೋ ನನ್ನ ಪಕ್ಕದಲ್ಲಿದ್ದಳು.

"ನೋಡಿ ಅಮ್ಮಾ" ಎಂದು ಶುರುಮಾಡಿದ. ಮತ್ತೆ ಭೂಮಿ, ಕರೆಂಟು, ಮುಂದಿನ ಮಕ್ಕಳ ಭವಿಷ್ಯ. ಹಣೆಯಲ್ಲಿ ಬೆವರು ಹನಿಯಿತು. ಗಲ್ಲ ಒರೆಸಿಕೊಂಡ. "ನಾವೆಲ್ಲ ಒಂದೇ ಕುಟುಂಬ, ಸ್ವಲ್ಪ ಹೊಂದಾಣಿಕೆ..."

ದೀಪ ಆರಿತು.

ಕಗ್ಗತ್ತಲೆ. ನಮ್ಮಲ್ಲಿ ಯಾರೂ ಕೈ ಎತ್ತಲಿಲ್ಲ. ನಮ್ಮ ಉಸಿರು ನಮಗೇ ಕೇಳುತ್ತಿತ್ತು. ಅವನು ಬಾಗಿಲು ಹುಡುಕುತ್ತಾ ಕುರ್ಚಿಗೆ ಮಂಡಿ ಬಡಿದುಕೊಂಡ ಸದ್ದು. ದೀಪ ಹತ್ತಿತು. ನಾವು ಇದ್ದ ಹಾಗೆಯೇ ಇದ್ದೆವು. ಅವನು ಮತ್ತೆ ನಿಂತು ಮಾತು ಶುರುಮಾಡಿದ. ದೀಪ ಮತ್ತೆ ಆರಿತು.

"ಯಾರಾದ್ರೂ ಸ್ವಲ್ಪ ಕೈ ಆಡ್ಸಿ" ಎಂದ. ದನಿ ಸಣ್ಣದಾಗಿತ್ತು.

"ಬಾಗಿಲು ತೆಗೆದಿಡ್ತೀರಾ?" ಎಂದೆ ಕತ್ತಲಲ್ಲಿ.

ಸೆಕೆ ಗೋಡೆಯಿಂದ ಗೋಡೆಗೆ ನಿಂತಿತ್ತು.

"ತೆಗೆದಿಡೋಣ" ಎಂದ. "ಒಳಗೆ ಜನ ಇದ್ದಾಗ ತೆಗೆದಿಡೋಣ. ಈಗಲಾದ್ರೂ ದೀಪ..."

ರೇಡಿಯೋ ಗಂಟಲು ಸರಿಮಾಡಿಕೊಂಡಳು.

"ನೀವೇ ಬೀಸಿ ಸಾರ್" ಎಂದಳು. "ಇವತ್ತು ಪಾಳಿ ನಿಮ್ದು."

ದೀಪ ಹತ್ತಿತು. ಸಾಹೇಬ ಕೋಣೆಯ ನಡುವೆ ನಿಂತು, ಬೆವರು ಇಳಿಸುತ್ತಾ, ತಲೆಯ ಮೇಲೆ ಕೈ ಬೀಸುತ್ತಿದ್ದ. ನಾವು ಡಬ್ಬಿ ಬಿಚ್ಚಿ ಊಟಕ್ಕೆ ಕೂತೆವು.